ದರೋಡೆಯ ಸಿನಿಮಾದಲ್ಲಿ ಬಿದ್ದವನು

ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾವು ಬಾಡಿಗೆಗಿರುವುದು ಒಬ್ಬರು ಇಟಾಲಿಯನ್ ಮುದುಕರ ಹಿತ್ತಲ ಮನೆಯಲ್ಲಿ. ಯೌವನದಲ್ಲೇ ಹಡಗು ಹತ್ತಿ ಬಂದವರು. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಮೆಲ್ಬರ್ನ್‌ನಲ್ಲಿ. ಕಿವಿ ಚುರುಕು, ಕಣ್ಣು ಮಾತ್ರ ಪೂರ್ತಿ ಮಂಜು. ನಾನು ಅಂಕಲ್ ಎಂದೇ ಕರೆಯುವುದು. ಜಗಳಕ್ಕೆ ನನಗೆ ಸರಿಜೋಡಿ; ಟೊಮೆಟೊ ಗಿಡಕ್ಕೆ ನಾನು ಹೇಗೆ ನೀರು ಹಾಕಿದರೂ ತಪ್ಪು.

ಅವರಿಗೊಬ್ಬ ತಮ್ಮನಿದ್ದ; ಇಟಲಿಯ ಊರಿನಲ್ಲಿ ಒಂದು ಬ್ಯಾಂಕ್ ದರೋಡೆಯ ದಿನ ಸತ್ತ. ದರೋಡೆಕೋರನೂ ಅಲ್ಲ, ಬ್ಯಾಂಕಿನವನೂ ಅಲ್ಲ. ಬ್ರೆಡ್ ಹಿಡಿದು ಬೀದಿ ದಾಟುತ್ತಿದ್ದವನಿಗೆ ದರೋಡೆಕೋರರ ಕಾರಿನಿಂದ ಹಾರಿದ ಗುಂಡು ತಗುಲಿತು. ಸಿಡ್ನಿಯಲ್ಲಿದ್ದ ಇವರಿಗೆ ಸುದ್ದಿ ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ತಮ್ಮ ಒಂಟಿಯಾಗಿ ಸತ್ತನೇ ಎಂಬುದೊಂದೇ ಇವರನ್ನು ಇಷ್ಟು ಕಾಲ ಕೊರೆಯುತ್ತಿದ್ದುದು.

ಈಗ ಆ ದರೋಡೆಯನ್ನೇ ಇಟ್ಟುಕೊಂಡು ಮಾಡಿದ ಇಟಾಲಿಯನ್ ಸಿನಿಮಾ ಪಕ್ಕದ ಪ್ಯಾರಮಟ್ಟಾಕ್ಕೆ ಬಂದಿತ್ತು. ಬೇಡ ಅಪ್ಪ ಎಂದು ಮಗಳು ಫೋನಿಟ್ಟಳು. ಅವರು ನನ್ನನ್ನು ಕರೆದರು.

“ನಿಂಗ್ಯಾಕೆ ಇದೆಲ್ಲಾ? ಮಗಳು ಫ್ಲೈಟ್ ಬುಕ್ ಮಾಡ್ಕೊಂಡು ಬರ್ಲಿ,” ಎಂದ ನನ್ನ ಗಂಡ.

“ಅವ್ಳು ಬರಲ್ಲ. ನಾನು ಹೋಗ್ತೀನಿ, ನೀನು ಅನ್ನಕ್ಕಿಡು,” ಎಂದೆ.

ರೈಲಿನಲ್ಲಿ ಅಂಕಲ್ ತಮ್ಮ ಮುರುಕು ಇಂಗ್ಲಿಷಿನಲ್ಲಿ ಕೆಲಸ ಹಂಚಿದರು. “ಮಾತು ನಾನು ಕೇಳಿಸಿಕೊಳ್ಳುತ್ತೇನೆ. ನೀನು ಬೀದಿ ನೋಡು. ಅವನು ಬಿದ್ದಾಗ ಯಾರಾದರೂ ನೀರು ಕೊಟ್ಟರಾ, ನೋಡು.”

“ಅಂಕಲ್, ಅದು ಸಿನಿಮಾ.”

“ನನ್ನ ಹತ್ತಿರ ಬೇರೇನಿದೆ?”

ನೀರಿನ ಮಾತು ನನ್ನಿಂದಲೇ ಅವರಿಗೆ ಬಂದದ್ದು. ಹೋದ ವರ್ಷ ಉಡುಪಿಯಲ್ಲಿ ಅಪ್ಪ ತೀರಿಕೊಂಡಾಗ ನಾನು ಇಲ್ಲಿದ್ದೆ. ನಿನ್ನ ಹೆಸರು ಹೇಳಿ ಅಪ್ಪನ ಬಾಯಿಗೆ ಒಂದು ಚಮಚ ನೀರು ಬಿಟ್ಟೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅಂಕಲ್ ಮುಂದೆ ಅದನ್ನು ಹೇಳಿಕೊಂಡು ಅತ್ತಿದ್ದೆ.

ಸಿನಿಮಾ ನೋಡುತ್ತ ನನಗೆ ಮೈ ಉರಿಯಿತು. ದರೋಡೆಕೋರರು ಒಬ್ಬನಿಗಿಂತ ಒಬ್ಬ ಚಂದ. ಅವರಿಗೆ ಒಳ್ಳೆಯ ಕೋಟು, ಪ್ರೇಯಸಿ, ಮಗನಿಗಾಗಿ ಅಳುವ ತಾಯಿ, ಎಲ್ಲ ಇತ್ತು. ನಾನು ಹಟ ಹಿಡಿದು ಬೀದಿಯನ್ನೇ ನೋಡಿದೆ. ಕಾರು ನುಗ್ಗಿತು, ಗುಂಡು ಹಾರಿತು, ಪರದೆಯ ಅಂಚಿನಲ್ಲಿ ಒಬ್ಬ ಕುಸಿದ. ಕೈಯಲ್ಲಿ ಬ್ರೆಡ್ ಇತ್ತು. ಮುಖ ಕಾಣುವ ಮೊದಲೇ ಕ್ಯಾಮೆರಾ ಕಾರಿನ ಹಿಂದೆ ಹೋಯಿತು. ಮತ್ತೆ ಆ ಬೀದಿಗೆ ತಿರುಗಿ ಬರಲೇ ಇಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು.

“ಬಿದ್ದನಾ?”

“ಬಿದ್ದ, ಅಂಕಲ್.”

“ಯಾರಾದರೂ ಹತ್ತಿರ ಬಂದರಾ?”

ಬಂದರು ಎಂದುಬಿಡೋಣ ಅನಿಸಿತು. ಒಬ್ಬ ಹೆಂಗಸು, ಒಂದು ಲೋಟ ನೀರು, ಇಷ್ಟು ಕಟ್ಟಿ ಹೇಳುವುದು ನನಗೇನು ಕಷ್ಟ? ಅಣ್ಣನೂ ನನಗೆ ಹೀಗೇ ಹೇಳಿರಬಹುದೇ ಎಂಬ ಯೋಚನೆ ಬಂದದ್ದು ಆಗಲೇ.

“ತೋರಿಸಲಿಲ್ಲ,” ಎಂದೆ.

ಅವರು ಕೋಲೂರಿ ಎದ್ದರು.

“ನೀನು ಕಣ್ಣು ಮಿಟುಕಿಸಿರಬೇಕು,” ಎಂದರು. “ನಾಳೆ ಇನ್ನೊಂದು ಸಲ ಬರೋಣ.”

ನಾನು ಫೋನ್ ತೆಗೆದು ಮರುದಿನಕ್ಕೆ ಎರಡು ಟಿಕೆಟ್ ಬುಕ್ ಮಾಡಿದೆ. ಅಣ್ಣನಿಗೆ ಮಾತ್ರ ಫೋನ್ ಮಾಡಲಿಲ್ಲ.