ಬೂ ವಿಜಿ ಮತ್ತು ಸೀಟಿನಡಿಯ ಬ್ಯಾಟರಿ

ನಮ್ಮ ಕಂಪನಿಯಲ್ಲಿ ಇಂಜಿನಿಯರಿಂಗ್ ಓದಿದವರು ಒಂಬತ್ತು ಜನ ಇದ್ದೇವೆ. ಬೈಕು ಬಲ್ಲವರು ಮಾತ್ರ ಒಬ್ಬರೇ, ಬೂ ವಿಜಿ. ಐದನೇ ತರಗತಿಗೆ ಶಾಲೆ ಬಿಟ್ಟ ಈ ಹೆಂಗಸು ಮಲಾಂಗ್ ಊರಿನ ಗಲ್ಲಿಗಳಲ್ಲಿ ಹತ್ತೊಂಬತ್ತು ವರ್ಷ ಪೆಟ್ರೋಲ್ ಬೈಕಿನ ಮೇಲೆ ತರಕಾರಿ ಮಾರಿದವರು. ತರಕಾರಿಯವರಿಗೆಂದೇ ನಾವು ವಿದ್ಯುತ್ ಬೈಕು ಮಾಡಲು ಹೊರಟಾಗ, ಅದನ್ನು ಓಡಿಸಿ ನೋಡುವ ಕೆಲಸಕ್ಕೆ ಸೇರಿಕೊಂಡರು. ತಮ್ಮ ಗಲ್ಲಿಗಳನ್ನು ಪಾಕ್ ಸರ್ಕೋವಿ ಎಂಬ ಇನ್ನೊಬ್ಬ ವ್ಯಾಪಾರಿಗೆ ಬಿಟ್ಟುಕೊಟ್ಟರು. ಫೋಟೊ ಇರುವ ಗುರುತಿನ ಚೀಟಿ ಕೊರಳಿಗೆ ಬಿದ್ದ ದಿನ ಮೂರು ಸಲ ಕನ್ನಡಿ ನೋಡಿಕೊಂಡರು. ನಲವತ್ತೇಳನೇ ವಯಸ್ಸಿಗೆ ಅದು ಅವರ ಮೊದಲ ನೌಕರಿ.

ಕಾಯಂ ಆಗುವುದು ಮಾತ್ರ ಬಾಕಿ ಇತ್ತು. ಆ ಭಾನುವಾರ, ಪೇಟೆಯ ಹನ್ನೆರಡು ತರಕಾರಿ ವ್ಯಾಪಾರಿಗಳು ಬೈಕು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಬೈಕು ತಯಾರಾಗುತ್ತದೆ, ಬೂ ವಿಜಿ ಉಳಿಯುತ್ತಾರೆ. ಒಪ್ಪದಿದ್ದರೆ ಎರಡಕ್ಕೂ ಸಲಾಂ. ನಮ್ಮ ಮಾಲೀಕ ಮಾಸ್ ಪಂಡು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದ. ನಮ್ಮ ಮಲಾಂಗ್ ಕಡೆ ಅಮ್ಮನಂಥವರಿಗೆ ಬೂ, ಅಪ್ಪನಂಥವರಿಗೆ ಪಾಕ್, ಅಣ್ಣನಂಥವರಿಗೆ ಮಾಸ್ ಅನ್ನುತ್ತೇವೆ.

ಗುರುವಾರ ಬೆಳಿಗ್ಗೆ ಬೂ ವಿಜಿ, ಪರೀಕ್ಷೆಗೆಂದು ದಿನಾ ಹೇರುತ್ತಿದ್ದ ಮರಳಿನ ಮೂಟೆ ಬಿಟ್ಟು, ಪೇಟೆಯಿಂದ ನಿಜವಾದ ಸರಕನ್ನೇ ಹೇರಿಕೊಂಡು ಬಂದರು. ತಾವು ಕೂರುವಷ್ಟು ಜಾಗ ಬಿಟ್ಟು ಸೀಟಿಗೆ ಅಡ್ಡಲಾಗಿ ಬಿಗಿದ ಬಿದಿರಿನ ಬುಟ್ಟಿಗಳು, ಅವುಗಳ ಸುತ್ತ ನೇತಾಡುವ ನೂರೈವತ್ತು ಪ್ಲಾಸ್ಟಿಕ್ ಚೀಲ. ಸೊಪ್ಪು, ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ, ಮೀನು, ಮೊಟ್ಟೆ. ಬೈಕು ಎಲ್ಲಿದೆ ಎಂದು ಹುಡುಕಬೇಕಿತ್ತು.

"ಬ್ಯಾಟರಿ ಬದಲಾಯ್ಸು ಮಗಾ," ಎಂದರು ನನಗೆ.

ಒಂದೇ ನಿಮಿಷದಲ್ಲಿ ಖಾಲಿ ಬ್ಯಾಟರಿ ತೆಗೆದು ತುಂಬಿದ್ದು ಹಾಕಬಹುದು ಎಂಬುದೇ ನಮ್ಮ ಬೈಕಿನ ಜಂಬ. ಠೀವಿಯಿಂದ ಕೀಲಿ ಹಿಡಿದು ಹೋದವನು ಹಾಗೇ ನಿಂತುಬಿಟ್ಟೆ. ಬ್ಯಾಟರಿ ಸೀಟಿನಡಿ. ಸೀಟಿನ ಮೇಲೆ ಇಡೀ ಪೇಟೆ. ಆ ಸೀಟನ್ನು ರೂಪಿಸಿದ ಮಹಾನುಭಾವ ದನಾಂಗ್ ಎಂಬ ನಾನೇ.

"ಎರಡು ತಿಂಗಳು ಏನ್ ಪರೀಕ್ಷೆ ಮಾಡಿದ್ಯೋ ದನಾಂಗ್?" ಎಂದ ಮಾಸ್ ಪಂಡು.

"ಭಾರದ್ದು ಸೋಮವಾರ ಮಾಡ್ತಿದ್ದೆ. ಬ್ಯಾಟರಿದು ಬುಧವಾರ."

ಬೂ ವಿಜಿ ನಕ್ಕು ನಕ್ಕು ನೆಲಕ್ಕೇ ಕೂತರು. "ಹೌದು, ಅನ್ನ ಇವತ್ತು, ಸಾರು ನಾಡಿದ್ದು!"

ಮಾಸ್ ಪಂಡು ನಗಲಿಲ್ಲ. "ಭಾನುವಾರ ಫುಲ್ ಚಾರ್ಜ್ ಮಾಡ್ಕೊಂಡು ಹೋಗಿ ಬೂ. ಬ್ಯಾಟರಿ ಬದಲಾಯ್ಸೋದು ತೋರ್ಸೋದೇ ಬೇಡ."

"ಅವರೆಲ್ಲ ನನ್ ಜೊತೆ ಕಾಫಿ ಕುಡಿದವ್ರು ಮಾಸ್. ಅವ್ರ ಕಣ್ಣಿಗೆ ಮಣ್ಣೆರಚಿ ಸಿಗೋ ಕೆಲ್ಸ ನಂಗೆ ಬೇಡ." ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಬೈಕು ಬರೆದರು. "ಮಗಾ, ಇಲ್ಲಿ ನೋಡು. ಮುಂದ್ಗಡೆ, ಕಾಲು ಇಡೋ ಜಾಗದಿಂದ ಎಳೆಯೋ ಹಾಗೆ ಮಾಡು. ಅಲ್ಲಿ ತೆಂಗಿನಕಾಯಿ ಚೀಲ ಒಂದೇ ಇರತ್ತೆ. ಒಂದ್ ಕೈಲಿ ಎತ್ತಿಡ್ತೀವಿ."

ಹೊಟ್ಟೆ ಉರಿಯಿತು, ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲ ಅಂತ. ಮರುಕ್ಷಣವೇ ಮೈಯಲ್ಲಿ ಹುರುಪು ತುಂಬಿತು. ಮೂರು ದಿನ ನಮ್ಮ ಎರಡೂ ಬೈಕುಗಳನ್ನು ಕತ್ತರಿಸಿದೆವು, ಬೆಸೆದೆವು, ಬೈದಾಡಿಕೊಂಡೆವು. ಅಷ್ಟು ಸಂತೋಷದಿಂದ ನಾನು ಎಂದೂ ಕೆಲಸ ಮಾಡಿರಲಿಲ್ಲ.

ಭಾನುವಾರ ಹನ್ನೆರಡೂ ಜನ ತಮ್ಮ ಸರಕಿನ ಬೈಕುಗಳ ಸಮೇತ, ಬೂ ವಿಜಿ ಮೊದಲು ತರಕಾರಿ ಮಾರುತ್ತಿದ್ದ ಓಣಿಯ ಏರಿನ ತುದಿಯಲ್ಲಿ ಕಾದಿದ್ದರು. ಬೂ ವಿಜಿ ಪೂರ್ತಿ ಹೇರಿನೊಂದಿಗೆ ಸದ್ದಿಲ್ಲದೆ ಏರು ಹತ್ತಿ ಬಂದರು. ನಾನು ಕೂಗಿದ ಕೂಗಿಗೆ ಓಣಿಯ ಕೋಳಿಗಳು ಚದುರಿದವು.

"ಹತ್ತೋದೇನ್ ಮಹಾ! ಸೀಟಿನಡಿಯ ಬ್ಯಾಟರಿ ಬದಲಾಯ್ಸೋಕೆ ಸಾಮಾನೆಲ್ಲ ಇಳಿಸ್ಬೇಕು. ಅಷ್ಟ್ರಲ್ಲಿ ಮೀನು ನಾರತ್ತೆ," ಎಂದ ಪಾಕ್ ಸರ್ಕೋವಿ. ನಾವು ಎರಡು ತಿಂಗಳು ಕಾಣದ್ದು ಅವನ ಕಣ್ಣಿಗೆ ಒಂದೇ ನೋಟಕ್ಕೆ ಬಿದ್ದಿತ್ತು.

ಬೂ ವಿಜಿ ತೆಂಗಿನಕಾಯಿ ಚೀಲ ಕೆಳಗಿಟ್ಟರು. ಮುಂದಿನಿಂದ ಬ್ಯಾಟರಿ ಎಳೆದರು, ಇನ್ನೊಂದನ್ನು ನೂಕಿದರು. ಒಂದು ಚೀಲವೂ ಅಲುಗಲಿಲ್ಲ. ಸರ್ಕೋವಿ ಬಗ್ಗಿ ಸೀಟಿನಡಿ ಇಣುಕಿದ.

ಅಷ್ಟರಲ್ಲಿ ಮನೆಗಳ ಬಾಗಿಲು ತೆರೆದವು. "ಅಯ್ಯೋ ಬೂ ವಿಜಿ! ಎಲ್ಲಿ ಹೋಗಿದ್ರಿ? ಸರ್ಕೋವಿ ಬರೋ ಹೊತ್ತಿಗೆ ಸೊಪ್ಪೆಲ್ಲ ಬಾಡಿರತ್ತೆ!" ಹೆಂಗಸರು ಮುತ್ತಿದರು. ನೌಕರಿ ಮರೆತ ಬೂ ವಿಜಿ ಸೊಪ್ಪಿನ ಕಟ್ಟು ಬಿಚ್ಚಿ ಮಾರತೊಡಗಿದರು.

ಸರ್ಕೋವಿ ಮಾಸ್ ಪಂಡುವಿನ ತೋಳು ಹಿಡಿದ. "ಮಾಸ್, ಈಯಮ್ಮನ್ನ ನಿಮ್ಮಲ್ಲೇ ಇಟ್ಕೊಳ್ಳಿ! ಕಾಯಂ ಮಾಡಿ! ಈ ಬೈಕ್ ತಗೊಂಡು ಗಲ್ಲಿಗೆ ವಾಪಸ್ ಬಂದ್ರೆ ನಾನು ಮನೇಲಿ ಕೂರ್ಬೇಕಷ್ಟೆ."

"ಮಾಡ್ತೀನಿ ಪಾಕ್. ಆದ್ರೆ ನೀವು ಬೈಕ್ ತಗೋಬೇಕಲ್ಲ?"

ಸರ್ಕೋವಿ ಪಕ್ಕದಲ್ಲಿದ್ದ ನಮ್ಮ ಎರಡನೇ ಬೈಕನ್ನು ಒಂದು ಸುತ್ತು ನೋಡಿದ. ಆಮೇಲೆ ತನ್ನ ಹಳೆಯ ಬೈಕಿನಿಂದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಇದಕ್ಕೆ ಕಟ್ಟತೊಡಗಿದ. ಅವನ ಹಿಂದೆ ಉಳಿದವರು ಸಾಲು ನಿಂತರು.

ಗಿರಾಕಿಗಳ ನಡುವಿನಿಂದಲೇ ಬೂ ವಿಜಿ ಗದರಿದರು. "ಮೊಟ್ಟೆ ಕೊನೇಗೆ ಕಟ್ಟು ಸರ್ಕೋವಿ! ಕಂಪನಿಯವಳು ಹೇಳ್ತಿದೀನಿ, ಕೇಳು!"