ಅತಿಥಿಗೆಂದೇ ತರಿಸಿದ್ದು

ಒಂದು ಸೆಮಿಸ್ಟರ್ ಓದಲೆಂದು ವಿನಿಮಯ ವಿದ್ಯಾರ್ಥಿನಿಯಾಗಿ ಮಸ್ಕತ್ತಿಗೆ ಹೋಗಿದ್ದೆ. ಬೇರೆ ದೇಶದ ಬದುಕನ್ನು ಕಂಡುಂಡು ಬಾ ಎಂದು ಮಂಗಳೂರಿನ ನಮ್ಮ ಪ್ರಾಂಶುಪಾಲರು ಹರಸಿ ಕಳಿಸಿದ್ದರು. ಹಾಸ್ಟೆಲಿನ ಒಮಾನಿ ಗೆಳತಿ ಒಂದು ಶುಕ್ರವಾರ ಬರ್ಕಾದ ತನ್ನ ಮನೆಗೆ ಊಟಕ್ಕೆ ಕರೆದಳು. ಅಂಗಳದಲ್ಲೇ ಮಾಂಸ ಬೆಂದ ಪರಿಮಳ ಮೂಗಿಗೆ ಬಡಿದು, ಬೆಳಗಿನ ತಿಂಡಿ ಬಿಟ್ಟದ್ದು ಸಾರ್ಥಕವೆನಿಸಿತು. ಮನೆಯವರೆಲ್ಲ ಅನ್ನ, ಮಾಂಸದ ದೊಡ್ಡ ಹರಿವಾಣದ ಸುತ್ತ ಕುಳಿತರು. ನನ್ನೆದುರು ಮಾತ್ರ ಉಡುಪಿ ಹೋಟೆಲಿನಿಂದ ತರಿಸಿದ ಇಡ್ಲಿಯ ಪೊಟ್ಟಣ ಬಿಚ್ಚಿದರು.

“ಖಾವೋ ಬೇಟಿ, ತುಮ್ಹಾರಾ ಖಾನಾ ಹೈ,” ಎಂದು ಗೆಳತಿಯ ತಾಯಿ ತಮಗೆ ಬರುವ ಹಿಂದಿಯಲ್ಲಿ ಉಪಚರಿಸಿದರು. ಮೀನಿಲ್ಲದೆ ತುತ್ತಿಳಿಯದ ಮನೆಯಿಂದ ಬಂದ ನಾನು ಮರ್ಯಾದೆಗೆಂದು ಎಲ್ಲ ಇಡ್ಲಿ ಮುಗಿಸಿದೆ. ಅವರಿಗೆ ಬಹಳ ಸಂತೋಷವಾಗಿ, ಮುಂದಿನ ಶುಕ್ರವಾರ ಜೊತೆಗೆ ವಡೆಯನ್ನೂ ತರಿಸಿದರು.

ಮರುವರ್ಷ ವಿನಿಮಯದ ಸರದಿ ಗೆಳತಿಯದು. ಮಂಗಳೂರಿನ ನಮ್ಮ ಮನೆಗೆ ಊಟಕ್ಕೆ ಬಂದಳು. ಇಡ್ಲಿಯ ಕಥೆ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ ನನ್ನ ಅಮ್ಮ, ಪೇಟೆಯೆಲ್ಲ ಹುಡುಕಿ ಅವಳಿಗೆಂದು ಅರಬ್ಬರ ಕುಬೂಸ್ ರೊಟ್ಟಿ, ಖರ್ಜೂರ ತಂದಿಟ್ಟಿದ್ದರು.

“ಪಾಪ, ಅದಕ್ಕೆ ನಮ್ಮ ಖಾರ ಆಗ್ಲಿಕ್ಕಿಲ್ಲ,” ಎಂದರು.

ಗೆಳತಿ ನನ್ನ ತಟ್ಟೆಯ ಬಂಗುಡೆ ಮೀನನ್ನೇ ನೋಡುತ್ತ ಕುಬೂಸ್ ನುಂಗಿದಳು.

“ನೋಡು, ಎಷ್ಟು ಖುಷಿಯಲ್ಲಿ ತಿಂತದೆ,” ಎಂದು ಅಮ್ಮ ಇನ್ನೆರಡು ಬಡಿಸಿದರು.