ಅಭ್ಯರ್ಥಿಗೆ ಎರಡು ತುಂಡು ಬೆಲ್ಲ

ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದು ನನಗೊಮ್ಮೆ ಅನ್ನಿಸಿತ್ತು. ಈಗ ಹೇಳಿಕೊಳ್ಳಲೂ ನಾಚಿಕೆ. ನೀವು ಹತ್ತಿರದವರೆಂದು ಹೇಳುತ್ತಿದ್ದೇನೆ, ಊರಲ್ಲಿ ಆಡಬೇಡಿ.

ಇದಕ್ಕೆಲ್ಲ ಮೂಲ ಕುಂದಾಪುರದ ಪೇಟೆಯಲ್ಲಿರುವ ನನ್ನ ಝೆರಾಕ್ಸ್ ಅಂಗಡಿ. ಚುನಾವಣೆ ಬಂತೆಂದರೆ ಸುತ್ತಲಿನ ಊರುಗಳ ಅಭ್ಯರ್ಥಿಗಳ ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ನಗುವ ಫೋಟೋ ಎಲ್ಲವೂ ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತವೆ. ಇಷ್ಟು ವರ್ಷ ಇದನ್ನೇ ನೋಡಿದವನಿಗೆ, ಇವರಿಗೆಲ್ಲ ಆಗುವುದಾದರೆ ನನಗೇಕೆ ಆಗಬಾರದು ಅನ್ನಿಸದೆ ಇರುತ್ತದೆಯೇ? ಅಡುಗೆ ಭಟ್ಟರ ಪಕ್ಕದಲ್ಲಿ ಕೂತು ಕಾಯಿ ತುರಿದವನಿಗೂ ಒಂದು ದಿನ ತಾನೇ ಸಾರು ಮಾಡಬಲ್ಲೆ ಅನ್ನಿಸುತ್ತದೆ. ಹಾಗೇ ಒಂದು ಸಂಜೆ ಖಾಲಿ ನಾಮಪತ್ರದ ಪ್ರತಿಯೊಂದನ್ನು ನನಗೆಂದೇ ತೆಗೆದು, ಮಡಚಿ ಅಂಗಿಯ ಜೇಬಿಗೆ ಹಾಕಿದೆ.

ನಿಲ್ಲುವುದಕ್ಕೆ ಒಂದು ವಿಷಯ ಬೇಕಲ್ಲ, ಅದು ನಮ್ಮ ಬಾವಿಯಲ್ಲೇ ಇತ್ತು. ನಮ್ಮೂರು ಹೊಳೆಯ ಬದಿಯದು. ಹೆಸರು ಹೇಳುವುದಿಲ್ಲ, ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಮಳೆ ನಿಂತು ಹೊಳೆಯ ಸೆಳೆತ ಇಳಿದ ಕೂಡಲೇ ಕಡಲ ಉಬ್ಬರದ ಜೊತೆ ಉಪ್ಪು ನೀರು ಮೇಲೇರಿ ಬರುತ್ತದೆ. ಹಿಂದೆಲ್ಲ ದೀಪಾವಳಿ ಕಳೆದ ಮೇಲೆ ಮನೆಗೊಬ್ಬರಂತೆ ಸೇರಿ ಮಣ್ಣಿನ ಕಟ್ಟ ಹಾಕಿ ಅದನ್ನು ತಡೆಯುತ್ತಿದ್ದರು. ನಾನೂ ಒಂದು ವರ್ಷ ಬುಟ್ಟಿ ಹೊತ್ತು, ಅರ್ಧ ಮಣ್ಣನ್ನು ತಲೆಯಲ್ಲೇ ಉಳಿಸಿಕೊಂಡು ಮನೆಗೆ ಬಂದಿದ್ದೆ. ಆಮೇಲೆ ಕಿಂಡಿ ಅಣೆಕಟ್ಟು ಬಂತು, ಅದರ ಹಿಂದೆಯೇ ಗುತ್ತಿಗೆ ಬಂತು, ನಾವು ದಡದಲ್ಲಿ ನಿಂತು ನೋಡುವವರಾದೆವು. ಕಿಂಡಿಗಳಿಗೆ ಹೊತ್ತಿಗೆ ಸರಿಯಾಗಿ ಹಲಗೆ ಇಳಿಸಬೇಕು, ಅಷ್ಟೇ ಕೆಲಸ. ಈ ವರ್ಷ ಹಲಗೆ ಇಳಿದದ್ದು ಶಿವರಾತ್ರಿಯ ಹೊತ್ತಿಗೆ. ಅಷ್ಟರಲ್ಲಿ ಉಪ್ಪು ನೀರು ಒಳಗೆ ಬಂದು ಕೂತಾಗಿತ್ತು. ಅದು ಹೊರಗೆ ಹೋಗದ ಹಾಗೆ ಹಲಗೆ ಹಾಕಿ ಭದ್ರ ಮಾಡಿದರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮಲ್ಲಿ ಎರಡೂ ಒಂದೇ ಲೋಟದಲ್ಲಿ ಮುಗಿಯುತ್ತದೆ.

ಎಳನೀರಿನ ಹಾಗಿದ್ದ ಬಾವಿ ನಮ್ಮದು. ಈಗ ಅದರ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಕಿದ ಹಾಲು ಒಡೆಯುತ್ತದೆ, ಬಸಳೆ ಚಪ್ಪರ ಕರಟಿ ಹೋಗಿದೆ. ಇನ್ನೆರಡು ಬೇಸಿಗೆ ಹೀಗೇ ಆದರೆ ಬಾವಿ ಮುಚ್ಚುವುದೇ ಸೈ. ನನ್ನ ಹೆಂಡತಿ ಸರೋಜ ಬೆಳಿಗ್ಗೆ ಕೊಡ ಎತ್ತಿದವಳು ಒಂದು ಹನಿ ನಾಲಗೆಗೆ ಇಟ್ಟುಕೊಂಡು, ಏನೂ ಹೇಳದೆ ಒಳಗೆ ಹೋಗುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಏನೂ ಹೇಳದೆ ಇರುವುದನ್ನು ನೋಡಲಾರದೆ ನಾನು ಅಭ್ಯರ್ಥಿಯಾಗಲು ಹೊರಟದ್ದು.

ಒಂದು ಭಾನುವಾರ ಇಸ್ತ್ರಿ ಅಂಗಿ ಹಾಕಿ ಮನೆ ಮನೆ ಭೇಟಿಗೆ ಹೊರಟೆ. ಮೊದಲ ಮನೆ ಮೀನು ಮಾರುವ ಗಿರಿಜಕ್ಕನದು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು.

"ಹ್ವಾಯ್, ಬನ್ನಿ ಬನ್ನಿ, ಕೂಕಣಿ. ಮಗನ್ ಮದಿ ಹೇಳುಕೆ ಬಂದದ್ದಾ? ಯಾವತ್ತಿಗೆ?"

ತಪ್ಪು ಅವರದಲ್ಲ. ಜೇಬಿನಲ್ಲಿ ಕಾಗದ ಇಟ್ಟುಕೊಂಡು ಭಾನುವಾರ ಮನೆ ಮನೆ ಹತ್ತುವವನು ನಮ್ಮ ಕಡೆ ಮದುವೆಗೆ ಕರೆಯಲು ಬಂದವನೇ. ಬ್ರಹ್ಮಾವರದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಮಗನಿಗೆ ಹೆಣ್ಣು ಇನ್ನೂ ಸಿಕ್ಕಿಲ್ಲ ಎಂದು ವಿವರಿಸುವಷ್ಟರಲ್ಲಿ ಬೆಲ್ಲ ನೀರು ಬಂತು. ಮನೆಗೆ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು, ಇದು ನಮ್ಮ ಕ್ರಮ. ಈಗ ತಟ್ಟೆಯಲ್ಲಿ ಎರಡು ತುಂಡು ಇತ್ತು. ಕುಡಿದೆ. ಇಡೀ ಕಡಲೇ ಗಂಟಲಲ್ಲಿ ಇಳಿಯಿತು.

"ಗಿರಿಜಕ್ಕ, ನೀರ್ ಉಪ್ಪಾಯ್ತ್ ಅಲ್ದಾ?" ಎಂದೆ.

"ನಮ್ಮನಿ ನೀರಿಗೆ ಎಂತದೂ ಆಯ್ಲಿಲ್ಲೆ ಮರಾಯ್ರೆ," ಎಂದ ಅವರು ದನಿ ತಗ್ಗಿಸಿ, "ಕೆಳಗಿನ್ ಮನಿ ಶೀನಣ್ಣನ ಬಾವಿ ಪೂರಾ ಉಪ್ಪಂಬ್ರ್," ಎಂದರು.

ಶೀನಣ್ಣನ ಮನೆಯಲ್ಲೂ ಎರಡು ತುಂಡು. ಉಪ್ಪಾದದ್ದು ಮಾತ್ರ ಮೇಲಿನ ಗಿರಿಜಕ್ಕನ ಬಾವಿಯಂತೆ. ಹೀಗೆ ಏಳು ಮನೆ ಹತ್ತಿದೆ. ಏಳರಲ್ಲೂ ಉಪ್ಪು ಕುಡಿದೆ, ಏಳರಲ್ಲೂ ಉಪ್ಪಿಲ್ಲ. ನನ್ನ ಬಿಪಿಗೂ ಸಕ್ಕರೆ ಕಾಯಿಲೆಗೂ ಒಂದೇ ದಿನ ಭರ್ಜರಿ ಪ್ರಚಾರವಾಯಿತು.

ಕಾರಣ ಸಣ್ಣದು. ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ನೋಡುವುದು ಬಾವಿಯನ್ನು. ಮಗಳು ಜೀವಮಾನವಿಡೀ ಕುಡಿಯಬೇಕಾದದ್ದು ಅದನ್ನೇ ತಾನೇ? ಏಳು ಮನೆಗಳಲ್ಲೂ ಮದುವೆಗೆ ಬಂದ ಗಂಡುಮಕ್ಕಳಿದ್ದಾರೆ. ಹೇಳಿಕೊಂಡರೆ ಸಂಬಂಧ ತಪ್ಪುತ್ತದೆ. ನಾನೇನು ಸಾಚಾನೇ? ಬೀಜಾಡಿಯ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದ ದಿನ ಪೇಟೆಯಿಂದ ಕ್ಯಾನ್ ನೀರು ತಂದು, ಬಾವಿಯದೆಂದೇ ಕುಡಿಸಿದ್ದೆ. ಊರಿನ ಹೆಸರನ್ನು ನಿಮಗೂ ಹೇಳದೆ ಇರುವುದು ಇದಕ್ಕೇ.

ಮನೆಗೆ ಬಂದು ಬಾವಿಕಟ್ಟೆಯ ಮೇಲೆ ಕೂತೆ. ಊರಲ್ಲಿ ಉಪ್ಪೇ ಇಲ್ಲವಾದರೆ ಹಲಗೆ ತಡವಾದದ್ದೂ ಇಲ್ಲ, ಯಾರ ತಪ್ಪೂ ಇಲ್ಲ. ನಾನು ಯಾವ ವಿಷಯಕ್ಕೆ ನಿಲ್ಲಲಿ? ದಾಹ ಇಲ್ಲ ಎನ್ನುವವರಿಗೆ ನೀರು ಕೊಡುತ್ತೇನೆಂದು ಮತ ಕೇಳುವುದು ಹೇಗೆ?

ಒಂದು ಆಸೆ ಮಾತ್ರ ಉಳಿದಿತ್ತು. ಈಗಿನ ಸದಸ್ಯರು ಮತ ಕೇಳಲು ಬಂದೇ ಬರುತ್ತಾರೆ. ಆಗ ನಮ್ಮ ಬಾವಿಯ ನೀರನ್ನೇ, ಬೆಲ್ಲವಿಲ್ಲದೆ, ಲೋಟ ತುಂಬ ಕೊಡುವುದು. ಆಡಬೇಕಾದ ಮಾತನ್ನೂ ಅಂಗಡಿಯಲ್ಲಿ ಯಂತ್ರದ ಸದ್ದಿನೊಳಗೆ ಬಾಯಿಪಾಠ ಮಾಡಿಟ್ಟೆ.

ನಾಮಪತ್ರಕ್ಕೆ ಒಂದೇ ದಿನ ಉಳಿದಿದ್ದಾಗ ಅವರು ಬಂದರು. "ಚಾ ಗೀ ಎಂತ ಬ್ಯಾಡ, ಒಂದ್ ಲೋಟ ನೀರ್ ಸಾಕ್," ಎಂದರು. ದೇವರೇ ಕೊಟ್ಟ ಅವಕಾಶ. ಒಳಗೆ ಹೋದೆ. ಸರೋಜ ಲೋಟ ತುಂಬಿಸಿಯೇ ನಿಂತಿದ್ದಳು. ಇಡೀ ಬೇಸಿಗೆ ನೀರಿನ ಬಗ್ಗೆ ಬಾಯಿ ಬಿಡದವಳು ಅಂದು ಹೇಳಿದಳು: "ಬೆಲ್ಲ ಬ್ಯಾಡ. ಹಾಂಗೇ ಕೊಡಿ."

ನನ್ನ ಕೈ ಬೆಲ್ಲದ ಡಬ್ಬಿಗೆ ಹೋಯಿತು. ಮನೆಗೆ ಬಂದವರು, ಹೊರಗೆ ಅವರ ಜೊತೆ ನಾಲ್ಕು ಜನ, ಮಗನ ಮದುವೆ. ಇನ್ನೂ ಏನೇನು ತಲೆಗೆ ಬಂತೋ. ಎರಡು ತುಂಡು ಇಟ್ಟೆ.

ಸದಸ್ಯರು ಬೆಲ್ಲ ಕಚ್ಚಿ ಗಟಗಟ ಕುಡಿದರು. "ಬಾರಿ ಲಾಯ್ಕ್ ನೀರ್. ನಿಮ್ಮ್ ಬದಿಗೆ ಉಪ್ಪಿನ್ ತಕರಾರ್ ಎಂತ ಇಲ್ಯಲೆ?"

ಸರೋಜ ಬಾಗಿಲಲ್ಲಿ ನಿಂತಿದ್ದಳು.

"ಎಂತದೂ ಇಲ್ಲೆ," ಎಂದೆ. ನನ್ನ ರಾಜಕೀಯ ಜೀವನದ ಏಕೈಕ ಭಾಷಣ ಅದು.

ಮರುದಿನ ಬೆಳಿಗ್ಗೆ, ನಾಮಪತ್ರದ ಕಡೆಯ ದಿನ, ಅಂಗಡಿಗೆ ಹೊರಟವನು ನೀರು ಕೇಳಿದೆ. ಸರೋಜ ಬಾವಿಯಿಂದ ಸೇದಿದ ನೀರನ್ನೇ ಲೋಟದಲ್ಲಿ ತಂದಳು. ಜೊತೆಗೆ ತಟ್ಟೆಯಲ್ಲಿ ಎರಡು ತುಂಡು ಬೆಲ್ಲ. ಮನೆಯವರಿಗೆ ಯಾರೂ ಬೆಲ್ಲ ಇಟ್ಟು ನೀರು ಕೊಡುವುದಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಜೇಬಿನಲ್ಲಿ ಮಡಚಿಟ್ಟ ಕಾಗದವನ್ನು ನೋಡಿದಳು.

"ತಕಣಿ," ಎಂದಳು. "ಅಭ್ಯರ್ಥಿಗಳಲ್ದಾ?"

ಎರಡನ್ನೂ ತಿಂದು ನೀರು ಕುಡಿದೆ. ನೀರು ಚೆನ್ನಾಗಿದೆ ಎಂದೆ.